ಜೀವಾವಧಿ ಅಂದ್ರೆ 14 ವರ್ಷ ತಾನೇ, ಮತ್ತೆ ಸರ್ಕಾರ ಯಾಕೆ ಬಿಡಲ್ಲ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಈಗ ಮತ್ತೆ ಬಂದಿದೆ. ಕೊಲೆ ಕೇಸಲ್ಲಿ ಒಳಗಿರುವ ಸಂಬಂಧಿಕರಿಗೆ 14 ವರ್ಷ ಮುಗಿಯಿತಂತೆ, ಆದರೂ ರಾಜ್ಯ ಸರ್ಕಾರ ಬಿಡ್ತಾ ಇಲ್ಲ, ಇದು ಅನ್ಯಾಯ ಅಲ್ವಾ ಅಂತ.

14 ವರ್ಷ ಆದರೆ ಬಿಡಲೇಬೇಕು ಅಂತ ಯಾವ ಕಾನೂನಲ್ಲೂ ಬರೆದಿಲ್ಲ. ಜೀವಾವಧಿ ಅಂದರೆ ಜೀವ ಇರುವ ತನಕ. ಗಾಂಧಿ ಹತ್ಯೆ ಕೇಸಲ್ಲಿ ಜೀವಾವಧಿ ಆಗಿದ್ದ ಗೋಪಾಲ ಗೋಡ್ಸೆ, ಜೈಲಲ್ಲಿ ಗಳಿಸಿದ ಮಾಫಿ (ಒಳ್ಳೆ ನಡತೆಗೆ, ಕೆಲಸಕ್ಕೆ ಶಿಕ್ಷೆಯಲ್ಲಿ ಕಡಿತವಾಗುವ ದಿನಗಳು) ಎಲ್ಲ ಸೇರಿಸಿದರೆ ನನ್ನ 20 ವರ್ಷ ಮುಗಿದಿದೆ, ಬಿಡಿ ಅಂತ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಕೋರ್ಟ್ ಒಪ್ಪಲಿಲ್ಲ. ಅದು 1961ರಲ್ಲಿ. ಅರವತ್ತು ವರ್ಷ ದಾಟಿದರೂ ನಾವಿನ್ನೂ ಅದೇ ಬಸ್ ಸ್ಟಾಪಿನಲ್ಲಿ ನಿಂತಿದ್ದೇವೆ.

ಹಾಗಾದರೆ ಈ 14 ಎಲ್ಲಿಂದ ಬಂತು? 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ 433ಎ ಅಂತ ಒಂದು ಸೆಕ್ಷನ್ ಸೇರಿಸಿದರು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 475. ಗಲ್ಲು ಕೊಡಬಹುದಾದ ಅಪರಾಧಕ್ಕೆ ಜೀವಾವಧಿ ಆದವರನ್ನು, ಗಲ್ಲು ತಪ್ಪಿ ಜೀವಾವಧಿಗೆ ಇಳಿದವರನ್ನು, ಕನಿಷ್ಠ 14 ವರ್ಷ ಒಳಗೆ ಕಳೆಯದೆ ಬಿಡುವ ಹಾಗಿಲ್ಲ ಅನ್ನುತ್ತದೆ ಅದು. ಅಂದರೆ ಅವಸರದಲ್ಲಿ ಬಿಡಬೇಡಿ ಅಂತ ಸರ್ಕಾರದ ಕೈ ಕಟ್ಟಿದ ಸೆಕ್ಷನ್. ಜನ ಅದನ್ನೇ 14ಕ್ಕೆ ಬಿಡಿ ಅಂತ ತಿರುಗಿಸಿ ಓದಿಕೊಂಡಿದ್ದಾರೆ. ಡ್ರೈವಿಂಗ್ ಲೈಸೆನ್ಸಿಗೆ 18 ಆಗಿರಬೇಕು. ಹಾಗಂತ 18ನೇ ಹುಟ್ಟುಹಬ್ಬದ ದಿನ ಆರ್‌ಟಿಓದವರು ಲೈಸೆನ್ಸ್ ಹಿಡಿದು ಮನೆ ಬಾಗಿಲಿಗೆ ಬರ್ತಾರಾ? ನೀವು ಅರ್ಜಿ ಹಾಕಬೇಕು, ಅವರು ನೋಡಬೇಕು, ಫೇಲೂ ಮಾಡಬಹುದು.

ಈ ಕಥೆಗೊಬ್ಬ ತಮ್ಮನೂ ಇದ್ದಾನೆ. ಜೈಲಲ್ಲಿ ಹಗಲು ಒಂದು ದಿನ, ರಾತ್ರಿ ಇನ್ನೊಂದು ದಿನ, ಹಾಗಾಗಿ 14 ಅಂದ್ರೆ ಏಳೇ ವರ್ಷ. ಚೆನ್ನಾಗಿ ಓದಿಕೊಂಡವರೂ ಇದನ್ನು ಗಂಭೀರವಾಗಿ ಹೇಳುವುದು ಕೇಳಿದ್ದೇನೆ. ಸುಳ್ಳು. ಜೈಲಲ್ಲೂ ದಿನಕ್ಕೆ 24 ಗಂಟೆಯೇ. ಇನ್ನು ಜೀವಾವಧಿ ಅಂದ್ರೆ 20 ವರ್ಷ ಅನ್ನುವವರು ಹಳೇ ಐಪಿಸಿಯ 57ನೇ ಸೆಕ್ಷನ್ ಹಿಡಿದುಕೊಂಡು ಬರುತ್ತಾರೆ. ಅದು ಭಾಗಾಕಾರಕ್ಕೆ ಮಾತ್ರ. ಜೀವಾವಧಿಯ ಅರ್ಧದಷ್ಟು ಶಿಕ್ಷೆ ಅಂತ ಕಾನೂನು ಎಲ್ಲಾದರೂ ಹೇಳಿದರೆ ಅರ್ಧ ಅಂದರೆ ಎಷ್ಟು? ಯಾರ ಆಯಸ್ಸು ಯಾರಿಗೆ ಗೊತ್ತು! ಅದಕ್ಕೇ 20 ಅಂತ ಹಿಡಿದು 10 ಮಾಡುತ್ತಾರೆ. ಅಷ್ಟೇ ಅದರ ಕೆಲಸ.

ಈಗ ಸರ್ಕಾರದ ವಿಷಯ. ಕೇಂದ್ರ, ರಾಜ್ಯಗಳಿಗೆ ಅಧಿಕಾರ ಹಂಚುವ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಜೈಲು ಇರುವುದು ರಾಜ್ಯಪಟ್ಟಿಯಲ್ಲಿ. ಜೈಲು ಕಟ್ಟುವುದು, ವಾರ್ಡರ್ ನೇಮಕ, ಊಟ, ನಿಯಮ, ಎಲ್ಲ ರಾಜ್ಯದ್ದೇ. ಅವಧಿಗೆ ಮುಂಚೆ ಬಿಡುವ ತೀರ್ಮಾನವೂ ಹೆಚ್ಚಾಗಿ ಅದರದ್ದೇ. ಜೈಲಿನಿಂದ ನಡತೆ ವರದಿ, ಪೊಲೀಸರ ವರದಿ, ಶಿಕ್ಷೆ ಕೊಟ್ಟ ಕೋರ್ಟಿನ ಅಭಿಪ್ರಾಯ ಎಲ್ಲ ಬರಬೇಕು. ಸಂವಿಧಾನದ 161ನೇ ವಿಧಿಯ ಕ್ಷಮಾದಾನದ ದಾರಿಯಲ್ಲಿ ಹೋದರೆ ಸಚಿವ ಸಂಪುಟದ ಸಲಹೆ ಮೇಲೆ ರಾಜ್ಯಪಾಲರ ಸಹಿ. ಸಿಬಿಐ ತನಿಖೆ ಮಾಡಿದ ಕೇಸಾದರೆ ಕೇಂದ್ರವೂ ಒಪ್ಪಬೇಕು. ನಿಮ್ಮವರಿಗಿರುವ ಹಕ್ಕು ಅಂದರೆ ಫೈಲನ್ನು ನಿಯಮದ ಪ್ರಕಾರ ನೋಡಿಸಿಕೊಳ್ಳುವುದು, ಆಗಲ್ಲ ಅಂದರೆ ಕಾರಣ ಕೇಳುವುದು.

ಯಾವ ರಾಜ್ಯ? ಅಪರಾಧ ನಡೆದ ರಾಜ್ಯ ಅಲ್ಲ, ಶಿಕ್ಷೆ ಕೊಟ್ಟ ಕೋರ್ಟ್ ಇರುವ ರಾಜ್ಯ. ಬಿಲ್ಕಿಸ್ ಬಾನು ಸಾಮೂಹಿಕ ಅತ್ಯಾಚಾರ, ಕೊಲೆಗಳ ಕೇಸಲ್ಲಿ ಅಪರಾಧ ನಡೆದದ್ದು ಗುಜರಾತಿನಲ್ಲಿ, ವಿಚಾರಣೆ ಮುಂಬೈಯಲ್ಲಿ. ಗುಜರಾತ್ ಸರ್ಕಾರ 11 ಜನರನ್ನು ಬಿಟ್ಟಿತು. ಅದು ಮಹಾರಾಷ್ಟ್ರದ ಕೆಲಸ ಅಂತ ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲಿ ಅಷ್ಟೂ ಜನರನ್ನು ವಾಪಸ್ ಜೈಲಿಗೆ ಕಳಿಸಿತು.

ನೀವು ಕೇಳಿಲ್ಲ, ಆದರೂ ಪೆರೋಲ್ ವಿಷಯ ಹೇಳಿಬಿಡುತ್ತೇನೆ. ಟಿವಿಯವರು ಜಾಮೀನಿಗೂ ಪೆರೋಲ್ ಅಂದು ಎಲ್ಲರ ತಲೆ ಕೆಡಿಸಿದ್ದಾರೆ. ವಿಚಾರಣೆ ಮುಗಿಯದವರಿಗೆ ಕೊಡುವುದು ಜಾಮೀನು, ಅದು ಕೋರ್ಟಿನದ್ದು. ಪೆರೋಲ್ ಅಂದರೆ ಕೆಲವು ದಿನದ ಮಟ್ಟಿಗೆ ಹೊರಗೆ ಬಿಡುವುದು; ಅದು ಸಿಗುವುದು ಶಿಕ್ಷೆ ಆದವರಿಗೆ, ರಾಜ್ಯದ ಜೈಲು ನಿಯಮದ ಪ್ರಕಾರ. ತಾಯಿಗೆ ಹುಷಾರಿಲ್ಲ ಅಂತ ಅರ್ಜಿ ಕೊಟ್ಟರೆ ಅದು ಊರಿನ ಠಾಣೆಗೆ ಹೋಗುತ್ತದೆ. ಪೇದೆಯೊಬ್ಬರು ಮನೆಗೆ ಬರುತ್ತಾರೆ, ತಾಯಿಯನ್ನು ನೋಡುತ್ತಾರೆ, ಅಕ್ಕಪಕ್ಕ ವಿಚಾರಿಸುತ್ತಾರೆ, ಸತ್ತವರ ಕಡೆಯವರು ಏನನ್ನುತ್ತಾರೆ ಅಂತ ಕೇಳುತ್ತಾರೆ. 'ಊರಿನಲ್ಲಿ ಹಳೆಯ ದ್ವೇಷವಿದ್ದು, ಶಾಂತಿಭಂಗವಾಗುವ ಸಾಧ್ಯತೆ ಇದೆ' ಅಂತ ವರದಿಯಲ್ಲಿ ಒಂದು ಸಾಲು ಬಂದರೆ ಸಾಕು, ಅರ್ಜಿ ಅಲ್ಲೇ ಮಲಗುತ್ತದೆ. ಪ್ರೊಬೇಷನ್ ಇವೆರಡೂ ಅಲ್ಲ. 1958ರ ಕಾಯ್ದೆ ಪ್ರಕಾರ ಕೋರ್ಟು ಜೈಲಿಗೇ ಕಳಿಸದೆ ಬಾಂಡ್ ಬರೆಸಿಕೊಂಡು ಬಿಡುವುದು. ಮೇಲೆ ಕಣ್ಣಿಡುವ ಅಧಿಕಾರಿ ಮಾತ್ರ ರಾಜ್ಯ ಸರ್ಕಾರದವರು. ಕೊಲೆ ಕೇಸಿಗೆ ಅದು ಬರುವುದೇ ಇಲ್ಲ.

ಪೆರೋಲ್ ಪುರಾಣ ಯಾಕೆ ತೆಗೆದೆ ಅಂದರೆ, ಹೊರಗೆ ಕಳೆದ ಆ ದಿನಗಳು 14 ವರ್ಷದ ಲೆಕ್ಕಕ್ಕೆ ಬರುವುದಿಲ್ಲ. ಗೋವಾದ ಕೈದಿಗಳ ಕೇಸಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಹೀಗೇ ಹೇಳಿದೆ. ಹತ್ತು ವರ್ಷ, ವರ್ಷಕ್ಕೆ 30 ದಿನ ಅಂತ ಹೊರಗಿದ್ದವರಿಗೆ 300 ದಿನ ಮುಂದಕ್ಕೆ ಹೋಯಿತು. ನಿಮ್ಮವರ 14 ನಿಜಕ್ಕೂ ಮುಗಿದಿದೆಯಾ, ಮೊದಲು ಜೈಲಿನಿಂದ ಲೆಕ್ಕ ಬರೆಸಿಕೊಳ್ಳಿ. ಶಿಕ್ಷೆಗೆ ಮುಂಚೆ ವಿಚಾರಣಾಧೀನರಾಗಿ ಒಳಗಿದ್ದ ದಿನಗಳನ್ನು ಸೇರಿಸಿದ್ದಾರಾ ನೋಡಿ, ಅದು ಬರುತ್ತದೆ. ಆಮೇಲೆ ಹೈಕೋರ್ಟ್, ಸುಪ್ರೀಂ ಕೋರ್ಟ್ ಆದೇಶದ ಕೊನೇ ಪುಟ ತೆಗೆದು ನೋಡಿ. ಹೆಂಡತಿಯನ್ನು ಕೊಂದ ನಮ್ಮ ಕರ್ನಾಟಕದ ಸ್ವಾಮಿ ಶ್ರದ್ಧಾನಂದ ಕೇಸಿನ 2008ರ ತೀರ್ಪಿನ ನಂತರ ಮೇಲಿನ ಕೋರ್ಟುಗಳು 'ಮಾಫಿ ಇಲ್ಲದೆ' ಇಷ್ಟು ವರ್ಷ ಅಂತಲೂ ಬರೆಯುತ್ತವೆ. ಆ ಎರಡು ಪದ ಅಲ್ಲಿದ್ದರೆ ವಿಧಾನಸೌಧಕ್ಕೆ ಅಲೆದು ಚಪ್ಪಲಿ ಸವೆಸಬೇಡಿ, ಆ ಆದೇಶ ಹಿಡಿದುಕೊಂಡು ಮೊದಲು ವಕೀಲರ ಹತ್ತಿರ ಹೋಗಿ.