ಓದುಗರ ಪ್ರಶ್ನೆ: ಎದುರಾಳಿ ಕಂಪನಿಯಿಂದ ಬಂದವರನ್ನು ನಂಬುವುದು ಹೇಗೆ?

ಪ್ರಶ್ನೆ: ಪೈಪೋಟಿಯ ಕಂಪನಿ ಬಿಟ್ಟು ಬಂದ ಹಿರಿಯರೊಬ್ಬರನ್ನು ಸೇರಿಸಿಕೊಳ್ಳುವ ಬಗ್ಗೆ ನಮ್ಮ ತಂಡದಲ್ಲಿ ಜಗ್ಗಾಟ ನಡೆದಿದೆ. ವಿಭೀಷಣನ ಪ್ರಸಂಗದಿಂದ ಏನಾದರೂ ದಾರಿ ಸಿಗುತ್ತದೆಯೇ?

ಸಿಗುತ್ತದೆ. ಆದರೆ ಶರಣು ಬಂದವರನ್ನು ಕಾಯಬೇಕು ಎಂಬಷ್ಟಕ್ಕೇ ನಿಂತರೆ ಅರ್ಧ ಪಾಠ ಕೈತಪ್ಪುತ್ತದೆ. ವಾಲ್ಮೀಕಿ ಯುದ್ಧಕಾಂಡದ 17ನೆಯ ಸರ್ಗದಲ್ಲಿ ಕಟ್ಟಿಕೊಟ್ಟಿರುವುದು ಒಂದು ಪೂರ್ತಿ ಸಭೆಯನ್ನು.

ವಿಭೀಷಣ ನಾಲ್ವರು ಸಂಗಡಿಗರೊಂದಿಗೆ ಬಂದು, ತಾನು ರಾವಣನ ತಮ್ಮನೆಂದು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಇವನು ಗೂಢಚಾರ, ಕೊಲ್ಲಬೇಕು ಎಂದು ಸುಗ್ರೀವ. ರಾಮ ತನ್ನ ಮನಸ್ಸನ್ನು ಬಿಚ್ಚಿಡದೆ ಮೊದಲು ಎಲ್ಲರ ಮಾತು ಕೇಳುತ್ತಾನೆ. ಗುಣದೋಷ ತೂಗಿ ನೋಡಿ ಎನ್ನುತ್ತಾನೆ ಅಂಗದ. ಚಾರರನ್ನು ಬಿಟ್ಟು ಪರೀಕ್ಷಿಸಿ ಎನ್ನುತ್ತಾನೆ ಶರಭ. ಬಂದ ಹೊತ್ತೂ ಜಾಗವೂ ಸರಿಯಿಲ್ಲ ಎಂದು ಜಾಂಬವಂತ, ಮೆಲ್ಲಗೆ ಪ್ರಶ್ನಿಸಿ ಎಂದು ಮೈಂದ.

ಆಮೇಲೆ ಹನುಮಂತ. ಅವನು ಯಾರನ್ನೂ ಹಳಿಯದೆ ಅವರು ಹೇಳಿದ ಪರೀಕ್ಷೆಗಳನ್ನೇ ಪರೀಕ್ಷಿಸುತ್ತಾನೆ. ಕಣ್ಣೆದುರೇ ನಿಂತವನ ಮೇಲೆ ಚಾರರನ್ನು ಬಿಟ್ಟು ಏನು ಫಲ? ಅಪರಿಚಿತರು ಏಕಾಏಕಿ ಪಾಟೀಸವಾಲು ಮಾಡಿದರೆ ನಿಜವಾದ ಸ್ನೇಹಿತನ ಮನಸ್ಸೂ ಮುರಿಯುತ್ತದೆ. ಕೆಲಸ ಕೊಡದೆ ಯೋಗ್ಯತೆ ತಿಳಿಯದು, ಬಂದ ಕೂಡಲೇ ಕೊಡುವುದೂ ತಪ್ಪು. ವಾಲಿ ಸತ್ತು ಸುಗ್ರೀವನಿಗೆ ಪಟ್ಟವಾದ ಸುದ್ದಿ ಕೇಳಿ ರಾಜ್ಯದಾಸೆಯಿಂದ ಬಂದಿದ್ದಾನೆ, ಹಾಗಾಗಿ ಹೊತ್ತು ಸರಿಯಾಗಿಯೇ ಇದೆ. ರಾಮನೂ ಆ ಆಸೆಯನ್ನು ಒಪ್ಪಿಕೊಳ್ಳುತ್ತಾನೆ. ಬಂದವರಿಗೆ ಸ್ವಂತ ಲಾಭದ ಕಾರಣವಿದ್ದರೆ ಬೆಚ್ಚಬೇಡಿ, ಅದು ನಿಮ್ಮ ಗುರಿಗೆ ಹೊಂದುತ್ತದೆಯೇ ನೋಡಿ.

ಇದನ್ನು ನಿಮ್ಮ ಸಭೆಗೆ ಹೀಗೆ ತನ್ನಿ. ಮುಖ್ಯಸ್ಥರು ಕೊನೆಗೆ ಮಾತಾಡಲಿ. ಬೇಡ ಎನ್ನುವವರು ಸಂಶಯದ ಜತೆಗೆ ಅದನ್ನು ಪರೀಕ್ಷಿಸುವ ದಾರಿಯನ್ನೂ ಹೇಳಲಿ. ಆ ದಾರಿಯಿಂದ ಒಳ್ಳೆಯ ಅಭ್ಯರ್ಥಿಗೆ ಎಷ್ಟು ನೋವಾದೀತು ಎಂದು ಒಬ್ಬರು ಲೆಕ್ಕ ಹಾಕಲಿ. ಮೊದಲ ತಿಂಗಳುಗಳಲ್ಲಿ ನೀವೇ ತಾಳೆ ನೋಡಬಹುದಾದ ಕೆಲಸ ಕೊಡಿ. ರಾಮ ಮೊದಲು ಕೇಳಿದ್ದು ಲಂಕೆಯ ಬಲಾಬಲ. ಹನುಮಂತ ಅಲ್ಲಿಗೆ ಹೋಗಿಬಂದು ವಿವರ ಒಪ್ಪಿಸಿದ್ದರಿಂದ ತಾಳೆ ನೋಡಲು ಆಧಾರವೂ ಇತ್ತು.

ಒಂದು ಎಚ್ಚರ: ಅಲ್ಲಿ ನಡೆದದ್ದು ಯುದ್ಧ. ನೀವು ಹಳೆಯ ಕಂಪನಿಯ ಗ್ರಾಹಕರ ಪಟ್ಟಿ, ದರಪಟ್ಟಿ ಕೇಳಬಾರದು. 1872ರ ಭಾರತೀಯ ಕರಾರು ಕಾಯ್ದೆಯ 27ನೆಯ ಕಲಮಿನ ಪ್ರಕಾರ ಕೆಲಸ ಬಿಟ್ಟ ಮೇಲೂ ಪೈಪೋಟಿಯವರಲ್ಲಿ ಸೇರಬಾರದೆಂಬ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ, ಗೋಪ್ಯತೆಯ ಹೊಣೆ ಮಾತ್ರ ಉಳಿಯುತ್ತದೆ.

ಹೆಚ್ಚಿನವರು ಎಡವುವುದು ತೀರ್ಮಾನವಾದ ಮೇಲೆ. ಸೋತ ಪಕ್ಷ ಮುನಿಸಿಕೊಂಡು ಹೊಸಬರನ್ನು ದೂರ ಇಡುತ್ತದೆ. ರಾಮ ಅಭಯದ ಮಾತನ್ನು ಒಪ್ಪಿಸಿ, ಅವನನ್ನು ಕರೆತಾ ಎಂದು ಹೇಳಿದ್ದು ಸುಗ್ರೀವನಿಗೇ, ಕೊಲ್ಲಬೇಕು ಎಂದವನಿಗೇ. ವಿಭೀಷಣ ನಮಗೆ ಸಮನಾಗಿರಲಿ, ಗೆಳೆಯನಾಗಲಿ ಎಂದು ಆಗ ಹೇಳಿದವನೂ ಸುಗ್ರೀವನೇ.