ಜರ್ನಲಿಸಂ ನಮ್ಮೂರಿಗೆ ಬಂದಿದ್ದೇ ಮೂರನೇ ಸಬ್ಜೆಕ್ಟ್ ಆಗಿ

ತುಮಕೂರು ಕಡೆ ಮಗನೋ ಮಗಳೋ ಜರ್ನಲಿಸಂ ತಗೋತೀನಿ ಅಂದ್ರೆ ಮನೇಲಿ ಮೊದಲು ಕೇಳೋದು ಟೀವೀಲಿ ಬರ್ತೀಯಾ ಅಂತ, ಆಮೇಲೆ ಕೇಳೋದು ಇದಾದ್ಮೇಲೆ ಬಿಎಡ್ ಮಾಡೋಕಾಗುತ್ತಾ ಅಂತ. ನಗೋ ವಿಷಯ ಅಲ್ಲ ಇದು. ಈ ಕೋರ್ಸು ನಮ್ಮ ಜಿಲ್ಲೆಗಳಿಗೆ ಯಾವ ದಾರೀಲಿ ಬಂತು ಅಂತ ನೋಡಿದ್ರೆ ಎರಡು ಪ್ರಶ್ನೆಗೂ ಅಲ್ಲೇ ಕಾರಣ ಸಿಗುತ್ತೆ.

ಪತ್ರಿಕೆ ನಡೆಸೋಕೆ ನಮ್ಮ ಕಡೆಯವರು ಕಾಲೇಜು ಬರ್ಲಿ ಅಂತ ಕಾಯ್ತಾ ಕೂತವರಲ್ಲ. ಮುಳಬಾಗಿಲಿನ ಡಿ.ವಿ.ಗುಂಡಪ್ಪನವರು ಮೆಟ್ರಿಕ್ ದಾಟಲಿಲ್ಲ, ಆದ್ರೂ 1913ರಲ್ಲಿ ಬೆಂಗಳೂರಲ್ಲಿ 'ಕರ್ನಾಟಕ' ಅಂತ ಇಂಗ್ಲಿಷ್ ಪತ್ರಿಕೆ ಶುರು ಮಾಡಿದ್ರು, 1928ರಲ್ಲಿ ಬಾಗಲಕೋಟೆಯಲ್ಲಿ ನಡೆದ ಪತ್ರಕರ್ತರ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು, ಪತ್ರಿಕೆಯವನ ಕೆಲಸ ಏನು ಅಂತ 'ವೃತ್ತಪತ್ರಿಕೆ' ಅನ್ನೋ ಪುಸ್ತಕಾನೂ ಬರೆದ್ರು. ಈ ಹೆಸರು ಹಿಡ್ಕೊಂಡೇ ಇವತ್ತಿಗೂ ಒಂದಷ್ಟು ಹಿರಿಯರು ಪತ್ರಿಕೋದ್ಯಮಕ್ಕೆ ಡಿಗ್ರಿ ಯಾಕ್ರೀ ಅಂತಾರೆ. ನನಗೆ ಈ ವಾದ ಅಷ್ಟು ಹಿಡಿಸಲ್ಲ. ಡಿವಿಜಿ ತರ ಮನೇಲೇ ಕೂತು ಸಂಸ್ಕೃತ ಇಂಗ್ಲಿಷ್ ಎರಡೂ ಅರಗಿಸಿಕೊಳ್ಳೋರು ಎಷ್ಟು ಜನ ಸಿಗ್ತಾರೆ, ಅದೂ ಅಲ್ದೆ ಆಗ ಹೊಸಬ ಬರೆದಿದ್ದನ್ನ ಕೆಂಪು ಇಂಕಲ್ಲಿ ಹೊಡೆದು ವಾಪಸ್ ಮುಖಕ್ಕೆ ಎಸೆಯೋ ಸಬ್ ಎಡಿಟರ್‌ಗಳು ಇರ್ತಿದ್ರು, ಅದೇ ಕಾಲೇಜು. ಈಗ ಡೆಸ್ಕಲ್ಲಿ, ಅಂದ್ರೆ ಸುದ್ದಿ ತಿದ್ದೋ ಜಾಗದಲ್ಲಿ, ಇರೋರೇ ಕಮ್ಮಿ, ಹೊಸಬರಿಗೆ ಕಲಿಸೋಕೆ ಯಾರಿಗೂ ಪುರುಸೊತ್ತಿಲ್ಲ.

ಕ್ಲಾಸ್‌ರೂಮಲ್ಲಿ ಇದನ್ನ ಕಲಿಸೋ ಕೆಲಸ ಈ ದೇಶದಲ್ಲಿ ಗಟ್ಟಿಯಾಗಿ ಶುರುವಾಗಿದ್ದು 1941ರಲ್ಲಿ, ಲಾಹೋರಿನ ಪಂಜಾಬ್ ಯೂನಿವರ್ಸಿಟೀಲಿ. ಆಮೇಲೆ 1947ರಲ್ಲಿ ಮದ್ರಾಸು. ನಮ್ಮ ರಾಜ್ಯಕ್ಕೆ ಬಂದಿದ್ದು 1951ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿಗೆ, ತಂದವರು ನಾಡಿಗ ಕೃಷ್ಣಮೂರ್ತಿ. ಅವರು ಓದಿ ಬಂದಿದ್ದು ಅಮೆರಿಕದ ಮಿಸೌರಿ ಯೂನಿವರ್ಸಿಟೀಲಿ, ಆ ಜರ್ನಲಿಸಂ ಸ್ಕೂಲ್ ಶುರುವಾಗಿದ್ದು 1908ರಲ್ಲಿ. ಅಲ್ಲಿನ ಒಂದು ಸಂಗತಿ ನನಗೆ ಬಹಳ ಇಷ್ಟ, ಕ್ಲಾಸು ಶುರುವಾದ ದಿನಾನೇ ಹುಡುಗರ ಕೈಲಿ ಪತ್ರಿಕೆ ತೆಗೆಸಿದ್ರು, ಕಾಲೇಜ್ ಮ್ಯಾಗಜೀನ್ ಅಲ್ಲ, ಊರಿನವರು ಓದೋ ಪತ್ರಿಕೆ. ಅಲ್ಲಿಂದ ಮೈಸೂರಿಗೆ, ಮೈಸೂರಿಂದ ಬೆಂಗಳೂರಿಗೆ, ಬೆಂಗಳೂರಿಂದ ನಮ್ಮ ಜಿಲ್ಲೆಗಳಿಗೆ ಬರೋ ಅಷ್ಟೊತ್ತಿಗೆ ಪತ್ರಿಕೆ ದಾರೀಲೇ ಬಿದ್ದೋಗಿ ನೋಟ್ಸ್ ಒಂದೇ ಉಳ್ಕೊಂಡಿತ್ತು. 1843ರಲ್ಲಿ ಮೊಗ್ಲಿಂಗ್ ತಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ದ ಬಗ್ಗೆ ಹತ್ತು ಮಾರ್ಕ್ಸಿಗೆ ಬರೆಯೋ ಹುಡುಗನಿಗೆ ತನ್ನ ವಾರ್ಡಿನ ಚರಂಡಿ ಬಗ್ಗೆ ಇನ್ನೂರು ಪದ ಬರೆಯೋಕೆ ಬರಲ್ಲ ಅನ್ನೋದು ಇದಕ್ಕೇನೆ.

ತುಮಕೂರು, ಕೋಲಾರ, ಇನ್ನೂ ಕೋಲಾರದಲ್ಲೇ ಇದ್ದ ಚಿಕ್ಕಬಳ್ಳಾಪುರ ಎಲ್ಲಾ ಬಹಳ ವರ್ಷ ಬೆಂಗಳೂರು ವಿವಿಯ ಕೆಳಗೇ ಇದ್ದವು. ಬಿಎ ಅಂದ್ರೆ ಎಚ್‌ಇಪಿ (ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್), ಎಚ್‌ಇಕೆ (ಕಡೇದು ಕನ್ನಡ), ಹೀಗೆ ಮೂರು ಸಬ್ಜೆಕ್ಟಿಗೆ ಮೂರು ಅಕ್ಷರದ ಕಾಂಬಿನೇಷನ್. ಆ ಮೂರರಲ್ಲಿ ಒಂದನ್ನ ತೆಗೆದು ಜರ್ನಲಿಸಂನ ಜೆ ಹಾಕಿದ್ರೆ ಕೋರ್ಸ್ ರೆಡಿ. ಬಿಎಡ್ ಪ್ರಶ್ನೆ ಹುಟ್ಟಿದ್ದು ಇಲ್ಲೇ. ಹೈಸ್ಕೂಲಲ್ಲಿ ಜರ್ನಲಿಸಂ ಅನ್ನೋ ಪಾಠಾನೇ ಇಲ್ಲ, ಹಂಗಾಗಿ ಮೇಷ್ಟ್ರ ಕೆಲಸದ ಆಸೆ ಇಟ್ಕೊಂಡೋರು ಹಿಸ್ಟರಿ ಮತ್ತೆ ಐಚ್ಛಿಕ ಕನ್ನಡ ಬಿಡಂಗಿಲ್ಲ, ಅವೆರಡನ್ನ ಗಟ್ಟಿ ಹಿಡ್ಕೊಂಡು ಜರ್ನಲಿಸಂನ ಇರ್ಲಿ ಬಿಡು ಅಂತ ಜೊತೆಗೆ ಸೇರಿಸ್ಕೋತಾರೆ. ಇದರಲ್ಲಿ ಹುಡುಗರ ತಪ್ಪೇನಿಲ್ಲ, ಬಿಎ ಓದೋ ಮನೆಗಳಲ್ಲಿ ಸಂಬಳ ಗ್ಯಾರಂಟಿ ಇರೋ ದಾರಿ ಅದೊಂದೇ. ಆದ್ರೆ ಇರ್ಲಿ ಬಿಡು ಅಂತ ಬಂದ ಸಬ್ಜೆಕ್ಟಿಗೆ ಕಾಲೇಜಿನವರೂ ಇರ್ಲಿ ಬಿಡು ಅಂತಾನೇ ಕಂಪ್ಯೂಟರು ಕ್ಯಾಮೆರಾ ಕೊಡ್ತಾರೆ.

ಟೀವಿ ಪ್ರಶ್ನೆ ಬಂದಿದ್ದು ಆಮೇಲೆ. 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಆಯ್ತು, ಇಲ್ಲೇ ಎಂಎ ಮಾಡೋ ಹಂಗಾಯ್ತು. ಅದೇ ಹೊತ್ತಿಗೆ 2006ರಲ್ಲಿ ಟಿವಿ9 ಕನ್ನಡ, ಎರಡು ವರ್ಷಕ್ಕೆ ಸುವರ್ಣ ನ್ಯೂಸ್, 2012ಕ್ಕೆ ಪಬ್ಲಿಕ್ ಟಿವಿ, ಸಾಲು ಸಾಲಾಗಿ ಬಂದವು. ದಿನದ 24 ಗಂಟೆ ತುಂಬಿಸ್ಬೇಕು, ಜಿಲ್ಲೆಗೊಬ್ಬ ರಿಪೋರ್ಟರ್ ಬೇಕು, ಡೆಸ್ಕಿಗೆ ಹುಡುಗರು ಬೇಕು. ಒಂದೈದಾರು ವರ್ಷ ಕೆಲಸ ಸಿಕ್ಕಿದ್ದು ನಿಜ, ತುಮಕೂರಿಂದ ಬೆಳಗಿನ ಟ್ರೈನ್ ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರೋ ಹುಡುಗರೂ ಇದ್ರು. ಆಮೇಲೆ ಅಲೆ ಇಳೀತು, ಕಾಲೇಜಿನ ಬ್ರೋಷರಲ್ಲಿ ಮೈಕ್ ಹಿಡ್ಕೊಂಡಿರೋ ಹುಡುಗಿ ಫೋಟೋ ಮಾತ್ರ ಹಂಗೇ ಉಳೀತು.

ಇದರ ಪಕ್ಕದಲ್ಲೇ ಬೇರೆ ಒಂದು ಕಥೆ ನಡೀತಿತ್ತು. ಕೋಲಾರ ಜಿಲ್ಲೆ ಬೂದಿಕೋಟೆ, ಹೈದರಾಲಿ ಹುಟ್ಟಿದ ಊರು, ಅಲ್ಲಿ ಎರಡು ಸಾವಿರದ ಇಸವಿ ಆಸುಪಾಸಲ್ಲಿ ಸ್ವಸಹಾಯ ಸಂಘದ ಹೆಂಗಸರೂ ಊರಿನ ಹುಡುಗರೂ ಸೇರ್ಕೊಂಡು 'ನಮ್ಮ ಧ್ವನಿ' ಅಂತ ಮಾಡಿದ್ರು. ರೇಡಿಯೋ ಲೈಸೆನ್ಸ್ ಅವರಿಗೆ ಸಿಗ್ತಿರಲಿಲ್ಲ, ಅದಕ್ಕೆ ಕೇಬಲ್ ಟೀವಿ ತಂತೀಲೇ ಆಡಿಯೋ ಮನೆಮನೆಗೆ ಕಳಿಸಿದ್ರು. 2002ರ ಕೊನೆಗೆ ಸರ್ಕಾರ ಸಮುದಾಯ ರೇಡಿಯೋ ಪಾಲಿಸಿ ತಂದಾಗ ಅವಕಾಶ ಕೊಟ್ಟಿದ್ದು ಕಾಲೇಜು ಯೂನಿವರ್ಸಿಟಿಗಳಿಗೆ ಮಾತ್ರ, ಸಂಘ ಸಂಸ್ಥೆಗಳಿಗೆ ಬಾಗಿಲು ತೆಗೆದಿದ್ದು 2006ರಲ್ಲಿ. ಅಂದ್ರೆ ಕಾರ್ಯಕ್ರಮ ಮಾಡೋಕೆ ಗೊತ್ತಿದ್ದೋರಿಗೆ ಲೈಸೆನ್ಸ್ ಇಲ್ಲ, ಲೈಸೆನ್ಸ್ ಸಿಗೋ ಕಾಲೇಜುಗಳಿಗೆ ಏನು ಮಾಡ್ಬೇಕು ಅಂತ ಗೊತ್ತಿಲ್ಲ. ತುಮಕೂರಲ್ಲಿ ಸಿದ್ಧಾರ್ಥ ಸಂಸ್ಥೆಯವರು ಆಮೇಲೆ ಕ್ಯಾಂಪಸ್ಸಿಂದಲೇ ರೇಡಿಯೋ ಶುರು ಮಾಡಿದ್ರು, ಓದೋ ಮಕ್ಕಳಿಗೆ ಮೈಕ್ ಮುಂದೆ ಕೂರೋಕೆ ಒಂದು ಜಾಗ ಅಂತ ಆಯ್ತು, ಅದು ಒಳ್ಳೇದೇ.

ಇನ್ನು ಪಿಆರ್, ಅಂದ್ರೆ ಪಬ್ಲಿಕ್ ರಿಲೇಷನ್ಸ್, ಸಂಸ್ಥೆ ಪರವಾಗಿ ಜನರ ಜೊತೆ ಮಾತಾಡೋ ಕೆಲಸ. ಅಮೆರಿಕದಲ್ಲಿ 1923ರಲ್ಲೇ ಎಡ್ವರ್ಡ್ ಬರ್ನೇಸ್ ನ್ಯೂಯಾರ್ಕ್ ಯೂನಿವರ್ಸಿಟೀಲಿ ಇದನ್ನ ಪಾಠ ಮಾಡಿದ್ರು, ನಮ್ಮ ದೇಶದಲ್ಲಿ ಪಬ್ಲಿಕ್ ರಿಲೇಷನ್ಸ್ ಸೊಸೈಟಿ ಆಗಿದ್ದು 1958ರಲ್ಲಿ. ನಮ್ಮ ಬಿಎಗೆ ಬಂದಾಗ ಇದು ಜರ್ನಲಿಸಂ ಒಳಗಿನ ಒಂದು ಪೇಪರ್ ಆಯ್ತು, ಮೂರನೇ ಸಬ್ಜೆಕ್ಟಿನ ಒಳಗೊಂದು ಪೇಪರ್ ಅಂದ್ರೆ ಎಷ್ಟು ಮರ್ಯಾದೆ ಅಂತ ನೀವೇ ಲೆಕ್ಕ ಹಾಕಿ. 1994-95ರಲ್ಲಿ ಯೂನಿವರ್ಸಿಟಿಗಳನ್ನ ನೋಡ್ಕೊಳ್ಳೋ ಕೇಂದ್ರದ ಯುಜಿಸಿ ಡಿಗ್ರಿ ಮಟ್ಟದಲ್ಲಿ ವೃತ್ತಿಪರ ಕೋರ್ಸು ಅಂತ ತಂದಾಗ ಜಾಹೀರಾತು, ಫಂಕ್ಷನಲ್ ಇಂಗ್ಲಿಷ್ ಎಲ್ಲಾ ಪಟ್ಟೀಲಿ ಇದ್ವು. ಕನ್ನಡದಲ್ಲಿ ಕೆಲಸಕ್ಕೆ ಬರೋ ಬರವಣಿಗೆ, ಅಂದ್ರೆ ಒಂದು ನೋಟೀಸು, ಒಂದು ಪ್ರೆಸ್ ನೋಟು, ಒಂದು ಪ್ರಾಡಕ್ಟ್ ಮೇಲಿನ ಸೂಚನೆ, ಇದನ್ನ ಕೂರಿಸಿ ಹೇಳಿಕೊಟ್ಟಿದ್ದು ಬಹಳ ಕಮ್ಮಿ.

ಪ್ರೆಸ್ ನೋಟ್ ಅಂದೆ ಅಲ್ವಾ. ಕುಡಿಯೋ ನೀರಿನ ಪೈಪ್ ರಿಪೇರಿ ಅಂತ ಒಂದು ಪ್ರಕಟಣೆ ಬರುತ್ತೆ ಅಂದ್ಕೊಳ್ಳಿ. ಮೊದಲ ಪ್ಯಾರಾ ಪೂರ್ತಿ ಮಾನ್ಯರ ಹೆಸರು, ಎರಡನೇದು ಯೋಜನೆ ಹೆಸರು ಮತ್ತೆ ಅನುದಾನ, ಕಡೇ ಸಾಲಲ್ಲಿ ಯಾವ ವಾರ್ಡಿಗೆ ಎಷ್ಟು ದಿನ ನೀರು ಬರಲ್ಲ ಅನ್ನೋದು. ಅದನ್ನ ಕ್ಲಾಸಲ್ಲಿ ಕೊಟ್ಟು ಸುದ್ದಿ ಬರೀರಿ ಅಂದ್ರೆ ಅರ್ಧಕ್ಕರ್ಧ ಹುಡುಗರು ಹೆಸರುಗಳನ್ನ ಮೊದಲಿಟ್ಟೇ ಬರೀತಾರೆ, ಕಡೇ ಸಾಲನ್ನ ಎತ್ತಿ ತಲೆ ಮೇಲೆ ಇಡೋದು ಎರಡು ಮೂರು ಸಲ ತಿದ್ದಿದ ಮೇಲೆ. ಇದು ಥಿಯರಿ ಕೇಳಿ ಬರೋದಲ್ಲ, ಯಾರಾದ್ರೂ ಪಕ್ಕದಲ್ಲಿ ಕೂತು ತಿದ್ಬೇಕು.

ಮನೆ ಬಾಗಿಲಲ್ಲೇ ಇರೋ ಪಾಠಾನೂ ನಾವು ಬಳಸಲ್ಲ. 2020ರ ಡಿಸೆಂಬರ್ 12ಕ್ಕೆ ಕೋಲಾರದ ನರಸಾಪುರದಲ್ಲಿ ಐಫೋನ್ ಮಾಡ್ತಿದ್ದ ವಿಸ್ಟ್ರಾನ್ ಫ್ಯಾಕ್ಟರೀಲಿ ಸಂಬಳದ ವಿಷಯಕ್ಕೆ ಗಲಾಟೆ ಆಯ್ತಲ್ಲ, ಪೊಲೀಸರಿಗೆ ಕೊಟ್ಟ ದೂರಲ್ಲಿ ನಷ್ಟ 437 ಕೋಟಿ ಅಂತ ಇತ್ತು, ಮೊದಮೊದಲು ಎಲ್ಲಾ ಕಡೆ ಅದೇ ಹೆಡ್‌ಲೈನ್. ಕೆಲವೇ ದಿನಕ್ಕೆ ಕಂಪನಿ ತನ್ನೂರು ತೈವಾನಿನ ಷೇರು ಮಾರ್ಕೆಟ್ಟಿಗೆ ಹೇಳಿದ ಲೆಕ್ಕ ನಮ್ಮ ದುಡ್ಡಲ್ಲಿ ಸುಮಾರು 26ರಿಂದ 52 ಕೋಟಿ. ಆಮೇಲೆ ಕೆಲವರಿಗೆ ಸಂಬಳ ಸರಿಯಾಗಿ ಕೊಟ್ಟಿಲ್ಲ ಅಂತ ಕಂಪನಿಯೇ ಒಪ್ಕೊಂಡು ಕ್ಷಮೆ ಕೇಳ್ತು, ಭಾರತದ ಉಸ್ತುವಾರಿ ನೋಡ್ತಿದ್ದ ವೈಸ್ ಪ್ರೆಸಿಡೆಂಟ್‌ನ ತೆಗೀತು. ಅಂಕಿ ಯಾರು ಕೊಟ್ರು, ಯಾಕೆ ಕೊಟ್ರು, ಷೇರು ಮಾರ್ಕೆಟ್ಟಿಗೆ ಹೇಳೋ ಅಂಕಿಗೂ ಠಾಣೆಗೆ ಹೇಳೋ ಅಂಕಿಗೂ ಯಾಕೆ ಇಷ್ಟು ದೂರ, ಕ್ಷಮೆ ಕೇಳೋ ಪತ್ರದಲ್ಲಿ ಯಾವ ಮಾತು ಮೊದಲು ಬರುತ್ತೆ, ಪಿಆರ್ ಪೇಪರೂ ರಿಪೋರ್ಟಿಂಗ್ ಪೇಪರೂ ಎರಡೂ ಇದೊಂದರಲ್ಲೇ ಮುಗಿಸಬಹುದು. 2017ರಲ್ಲಿ ಕೋಲಾರಕ್ಕೇ ಬೆಂಗಳೂರು ಉತ್ತರ ವಿವಿ ಬಂದಿದೆ, ಉದಾಹರಣೆ ಹುಡುಕೋಕೆ ನ್ಯೂಯಾರ್ಕ್‌ವರೆಗೆ ಹೋಗೋದು ಬೇಕಿಲ್ಲ.

ಪಾಠ ಮಾಡೋರ ಸ್ಥಿತಿ ಹೇಳದೆ ಇದ್ರೆ ಕಥೆ ಪೂರ್ತಿ ಆಗಲ್ಲ. ಸರ್ಕಾರಿ ಡಿಗ್ರಿ ಕಾಲೇಜುಗಳು ಅತಿಥಿ ಉಪನ್ಯಾಸಕರ ಮೇಲೇ ನಿಂತಿವೆ. 2023ರ ಕೊನೆಗೆ ಸೇವೆ ಖಾಯಂ ಮಾಡಿ ಅಂತ ಅವರು ರಾಜ್ಯದಾದ್ಯಂತ ಮುಷ್ಕರ ಕೂತ್ರು, ಹೊಸ ವರ್ಷಕ್ಕೆ ತುಮಕೂರಿಂದ ಬೆಂಗಳೂರಿಗೆ ಪಾದಯಾತ್ರೆನೂ ಹೊರಟ್ರು. ಮುಂದಿನ ವರ್ಷ ಇರ್ತೀನೋ ಇಲ್ವೋ ಅಂತ ಗೊತ್ತಿಲ್ಲದ ಮೇಷ್ಟ್ರು ಇಡೀ ಕ್ಲಾಸಿನ ಬರಹ ಮೂರು ಮೂರು ಸಲ ತಿದ್ದಲಿ ಅಂದ್ರೆ ಹೆಂಗೆ.

ಇದರ ಮಧ್ಯ ಸಿಲಬಸ್ ಆಟ ಬೇರೆ. 2021-22ರಲ್ಲಿ ದೇಶದಲ್ಲೇ ಮೊದಲು ಅಂತ ಎನ್‌ಇಪಿ, ಅಂದ್ರೆ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ ತಂದ್ರು, ಎರಡು ಮೇಜರ್ ಅಂದ್ರೆ ಮುಖ್ಯ ಸಬ್ಜೆಕ್ಟು, ನಾಲ್ಕು ವರ್ಷ, ಓಪನ್ ಎಲೆಕ್ಟಿವ್, ಬಿಕಾಂನೋರೂ ಬಂದು ಒಂದು ಸೆಮಿಸ್ಟರ್ ಜರ್ನಲಿಸಂ ಕೇಳ್ಕೊಂಡು ಹೋಗೋ ಹಂಗಾಯ್ತು. 2024-25ಕ್ಕೆ ಅದನ್ನ ಬಿಟ್ಟು ಮತ್ತೆ ಮೂರು ವರ್ಷ, ಮತ್ತೆ ಮೂರು ಸಬ್ಜೆಕ್ಟು. ಎರಡು ಮೇಜರ್ ಇದ್ದಾಗ ಜರ್ನಲಿಸಂಗೆ ಒಂದಿಷ್ಟು ಜಾಗ ಸಿಕ್ಕಿತ್ತು ಅಂತ ನನಗನ್ನಿಸುತ್ತೆ, ಇದಕ್ಕೆ ಒಪ್ಪದೇ ಇರೋ ಮೇಷ್ಟ್ರುಗಳೂ ಇದ್ದಾರೆ.

ಈ ವರ್ಷ ಯಾರಾದ್ರೂ ಸೇರೋರಿದ್ರೆ ಕಾಲೇಜಲ್ಲಿ ಕ್ಯಾಮೆರಾ ಇದ್ಯಾ ಸ್ಟುಡಿಯೋ ಇದ್ಯಾ ಅಂತ ಕೇಳೋದಕ್ಕಿಂತ ಹುಡುಗರು ಕಲಿಯೋಕೆ ಅಂತ ತೆಗೆಯೋ ಪ್ರಾಯೋಗಿಕ ಪತ್ರಿಕೆಯ ಹೋದ ವರ್ಷದ ಸಂಚಿಕೆಗಳನ್ನ ತೋರ್ಸಿ ಅಂತ ಕೇಳಿ. ಎಷ್ಟು ಸಂಚಿಕೆ ಬಂದಿವೆ, ಬರೆದೋರ ಹೆಸರು (ಬೈಲೈನ್) ಹುಡುಗರದ್ದಾ, ಊರಿನ ಸುದ್ದಿ ಇದ್ಯಾ ಇಲ್ಲಾ ಕಾಲೇಜಿನ ಸಮಾರಂಭದ ಫೋಟೋಗಳೇನಾ ನೋಡಿ. ಇಂಟರ್ನ್‌ಶಿಪ್ಪಿಗೆ ಎಲ್ಲಿಗೆ ಕಳಿಸ್ತಾರೆ ಅಂತಾನೂ ಕೇಳಿ. ತುಮಕೂರಲ್ಲೇ 'ಪ್ರಜಾಪ್ರಗತಿ' ತರದ ಜಿಲ್ಲಾ ದಿನಪತ್ರಿಕೆ ಇದೆ, ಬೆಂಗಳೂರಿನ ದೊಡ್ಡ ಆಫೀಸಲ್ಲಿ ಒಂದು ತಿಂಗಳು ಮೂಲೇಲಿ ಕೂತು ಬರೋದಕ್ಕಿಂತ ಇಂಥ ಕಡೆ ಒಂದು ವಾರ ಪ್ರೂಫ್ ನೋಡಿದ್ರೆ ಜಾಸ್ತಿ ಕಲೀಬಹುದು.