ಕಾಲಿನ ಚಳಕ, ಕಣ್ಣಿನ ಮರುಳು

ಫುಟ್‌ಬಾಲ್ ವಿಶ್ವಕಪ್ ಬಂತೆಂದರೆ ಕಲಬುರಗಿಯ ಚಹಾದಂಗಡಿಗಳಲ್ಲಿಯೂ ಎನ್.ವಿ. ಮೈದಾನದ ಕಟ್ಟೆಯ ಮೇಲೂ ಹಳೆಯ ವಾದವೊಂದು ಮತ್ತೆ ಹೊತ್ತಿಕೊಳ್ಳುತ್ತದೆ: ಅರ್ಜೆಂಟೀನಾದ ಮೆಸ್ಸಿ ದೊಡ್ಡವನೋ, ಪೋರ್ಚುಗಲ್ಲಿನ ರೊನಾಲ್ಡೊ ದೊಡ್ಡವನೋ? ಒಬ್ಬರು 2012ರ ಒಂದೇ ವರ್ಷದಲ್ಲಿ ಮೆಸ್ಸಿ ಹೊಡೆದ 91 ಗೋಲುಗಳನ್ನು ಮುಂದಿಟ್ಟರೆ, ಇನ್ನೊಬ್ಬರು ಪುರುಷರ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ರೊನಾಲ್ಡೊನಷ್ಟು ಗೋಲು ಹೊಡೆದವರು ಯಾರಿದ್ದಾರೆಂದು ಕೇಳುತ್ತಾರೆ. ಅಂಕಿಗಳನ್ನು ಕೇಳಿ ಪಕ್ಷ ಬದಲಿಸಿದವರು ಮಾತ್ರ ಸಿಗುವುದಿಲ್ಲ. ಅಭಿಮಾನ ಹುಟ್ಟುವುದು ಲೆಕ್ಕದಿಂದಲ್ಲ, ನಮ್ಮ ಮಿದುಳು ಮುಂಚಿತವಾಗಿ ಹಾಕಿಕೊಂಡ ಊಹೆಯನ್ನು ಆಟಗಾರನೊಬ್ಬ ತಲೆಕೆಳಗು ಮಾಡುವ ಕ್ಷಣದಿಂದ ಎಂಬುದು ನನ್ನ ವಾದ. ಅದಕ್ಕೆ ವಿಜ್ಞಾನದ ಆಧಾರವೂ ಸಾಕಷ್ಟಿದೆ.

2022ರ ಡಿಸೆಂಬರ್ 13ರಂದು ಕತಾರಿನ ಲುಸೈಲ್ ಕ್ರೀಡಾಂಗಣದಲ್ಲಿ ಅರ್ಜೆಂಟೀನಾ ಮತ್ತು ಕ್ರೊವೇಷಿಯಾ ನಡುವೆ ನಡೆದ ವಿಶ್ವಕಪ್ ಸೆಮಿಫೈನಲ್ ಪಂದ್ಯವನ್ನು ತೆಗೆದುಕೊಳ್ಳೋಣ. ನಮ್ಮಲ್ಲಿ ಆಗ ನಡುರಾತ್ರಿ ದಾಟಿತ್ತು. ಕ್ರೊವೇಷಿಯಾದ ಇಪ್ಪತ್ತು ವರ್ಷದ ಡಿಫೆಂಡರ್ ಗ್ವಾರ್ದಿಯೋಲ್, ಮೂವತ್ತೈದರ ಮೆಸ್ಸಿಗಿಂತ ಎತ್ತರ, ಬಲಿಷ್ಠ. ಬಲಬದಿಯಲ್ಲಿ ಚೆಂಡು ಹಿಡಿದು ಹೊರಟ ಮೆಸ್ಸಿ ಓಡಿದ, ನಿಧಾನಿಸಿದ, ಮತ್ತೆ ಓಡಿದ, ತಿರುಗಿದ; ಬೆನ್ನಿಗೇ ಅಂಟಿಕೊಂಡಿದ್ದ ಆ ಹುಡುಗನನ್ನು ದಾಟಿ ತನ್ನ ತಂಡದ ಆಲ್ವಾರೆಸ್‌ಗೆ ಚೆಂಡು ಕೊಟ್ಟ. ದಾಖಲೆಯಲ್ಲಿ ಗೋಲು ಆಲ್ವಾರೆಸ್‌ನದು, ಮೆಸ್ಸಿಯ ಪಾಲಿಗೆ ಬಂದದ್ದು ಗೋಲಿಗೆ ಚೆಂಡು ಒದಗಿಸಿದ ಲೆಕ್ಕ, ಬರೀ ಒಂದು ಅಸಿಸ್ಟ್. ನೋಡಿದವರ ನೆನಪಿನಲ್ಲಿ ಉಳಿದದ್ದು ಮೆಸ್ಸಿಯ ಆ ಓಟ.

ಆ ಓಟದಲ್ಲಿ ಗ್ವಾರ್ದಿಯೋಲ್ ಸೋತದ್ದು ವೇಗದಲ್ಲಲ್ಲ. ಕಣ್ಣಿಗೆ ಬಿದ್ದ ಸರಳ ಸೂಚನೆಯೊಂದಕ್ಕೆ ಮನುಷ್ಯನ ದೇಹ ಪ್ರತಿಕ್ರಿಯಿಸಲು ಸುಮಾರು 0.2 ಸೆಕೆಂಡು ಬೇಕು. ಎಡಕ್ಕೋ ಬಲಕ್ಕೋ ಎಂದು ಆಯ್ಕೆ ಮಾಡಬೇಕಾದರೆ ಇನ್ನೂ ಹೆಚ್ಚು. ಅದಕ್ಕಿಂತ ಮುಖ್ಯವಾದ ಇತಿಮಿತಿಯೊಂದನ್ನು ಮನೋವಿಜ್ಞಾನಿ ಟೆಲ್‌ಫೋರ್ಡ್ 1931ರಲ್ಲಿಯೇ ಗುರುತಿಸಿದ್ದರು: ಒಂದು ಸೂಚನೆಯ ಬೆನ್ನಿಗೇ ಇನ್ನೊಂದು ಸೂಚನೆ ಬಂದರೆ, ಮೊದಲನೆಯದಕ್ಕೆ ಉತ್ತರ ಸಿದ್ಧವಾಗುವ ತನಕ ಮಿದುಳು ಎರಡನೆಯದನ್ನು ಕಾಯಿಸುತ್ತದೆ. ಡ್ರಿಬ್ಲಿಂಗ್, ಅಂದರೆ ಚೆಂಡನ್ನು ಕಾಲಲ್ಲೇ ಆಡಿಸುತ್ತ ಎದುರಾಳಿಯನ್ನು ದಾಟುವ ಕಲೆ, ಬಲ್ಲವನು ಬದುಕುವುದೇ ಈ ಕಿರಿದಾದ ಸಂದಿಯಲ್ಲಿ. ಭುಜವನ್ನು ಎಡಕ್ಕೆ ಬಾಗಿಸಿ ಮೊದಲ ಸೂಚನೆ ಕೊಡುತ್ತಾನೆ. ಡಿಫೆಂಡರನ ಮಿದುಳು ಅದಕ್ಕೆ ಉತ್ತರ ಸಿದ್ಧಪಡಿಸುತ್ತಿರುವಾಗಲೇ ಚೆಂಡನ್ನು ಬಲಕ್ಕೆ ತಳ್ಳುತ್ತಾನೆ. ಎದುರಾಳಿಯ ಮೈಭಾರ ಅಷ್ಟರಲ್ಲಿ ಒಂದು ಕಾಲಿಗೆ ಇಳಿದಿರುತ್ತದೆ, ಭಾರ ಹೊತ್ತ ಕಾಲನ್ನು ಕಿತ್ತೆತ್ತಲು ಮತ್ತಷ್ಟು ಹೊತ್ತು ಬೇಕು. ಕಬಡ್ಡಿಯಲ್ಲಿ ರೇಡರ್ ಒಂದು ಕಡೆ ಕೈ ಚಾಚಿ ಇನ್ನೊಂದು ಕಡೆ ಕಾಲಿನಿಂದ ಮುಟ್ಟಿ ಬರುವುದು ಇದೇ ಉಪಾಯದಿಂದ. ಫುಟ್‌ಬಾಲಿನಲ್ಲಿ ಕಷ್ಟವಿರುವುದು ಚೆಂಡೂ ಜೊತೆಗೆ ಬರಬೇಕೆನ್ನುವುದರಲ್ಲಿ.

ಕುಳ್ಳಗಿರುವುದು ಇಂಥ ಆಟಕ್ಕೆ ಅನುಕೂಲ. ಮರಡೋನಾ ಸುಮಾರು 1.65 ಮೀಟರ್, ಮೆಸ್ಸಿ ಸುಮಾರು 1.70 ಮೀಟರ್ ಎತ್ತರದವರು. ಗುರುತ್ವ ಕೇಂದ್ರ ನೆಲಕ್ಕೆ ಹತ್ತಿರವಿದ್ದು ಹೆಜ್ಜೆಗಳು ಚಿಕ್ಕದಾದಷ್ಟೂ ದಿಕ್ಕು ಬದಲಿಸಲು ಹೆಚ್ಚು ಅವಕಾಶಗಳು ಸಿಗುತ್ತವೆ. ಇದನ್ನೇ ನಿಯಮವೆಂದುಕೊಂಡವರಿಗೆ 1.85 ಮೀಟರ್ ಎತ್ತರದ ಫ್ರಾನ್ಸಿನ ಆಟಗಾರ ಜಿದಾನ್ ಉತ್ತರವಾಗಿ ನಿಲ್ಲುತ್ತಾನೆ.

ಚಳಕವಿರುವುದು ಕಾಲಿನಲ್ಲಿ ಮಾತ್ರವೂ ಅಲ್ಲ. ಜಪಾನಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬ್ರೆಜಿಲಿನ ನೇಮಾರ್ ಪಾದವನ್ನು ತಿರುಗಿಸುವಾಗ ಆತನ ಮಿದುಳಿನ ಚಲನಾ ಭಾಗದಲ್ಲಿ ಉಂಟಾದ ಚಟುವಟಿಕೆ ಉಳಿದ ಆಟಗಾರರಿಗಿಂತ ಕಡಿಮೆಯಿತ್ತು. ಪರೀಕ್ಷೆಗೊಳಗಾದವರು ಬೆರಳೆಣಿಕೆಯಷ್ಟು ಮಂದಿಯಾದ್ದರಿಂದ ಅದರ ಮೇಲೆ ದೊಡ್ಡ ಮಾಳಿಗೆ ಕಟ್ಟಬಾರದು. ಆದರೂ ಕಾಲನ್ನು ಆಡಿಸಲು ಮಿದುಳಿಗೆ ಕಡಿಮೆ ಶ್ರಮ ಸಾಕಾದರೆ, ಎದುರಾಳಿಯನ್ನು ಗಮನಿಸಲು ಹೆಚ್ಚು ಬಿಡುವು ಉಳಿಯುತ್ತದೆಂಬ ಊಹೆ ಅಸಹಜವಲ್ಲ.

ರೊನಾಲ್ಡೊನ ಕುಶಲತೆ ಬೇರೆ ಬಗೆಯದು, ಅಳೆಯಲು ಸುಲಭವಾದದ್ದು. 2019ರ ಡಿಸೆಂಬರಿನಲ್ಲಿ ಇಟಲಿಯ ಯುವೆಂಟಸ್ ಕ್ಲಬ್ಬಿನ ಪರವಾಗಿ ಸಂಪ್ಡೋರಿಯಾ ವಿರುದ್ಧ ತಲೆಯಿಂದ ಹೊಡೆದ ಗೋಲಿನಲ್ಲಿ (ಹೆಡರ್) ಆತ ಚೆಂಡನ್ನು ಮುಟ್ಟಿದ ಎತ್ತರ 2.56 ಮೀಟರ್ ಎಂದು ವರದಿಯಾಗಿತ್ತು. ಗೋಲುಪೆಟ್ಟಿಗೆಯ ಅಡ್ಡಕಂಬ ಇರುವುದೇ 2.44 ಮೀಟರ್ ಎತ್ತರದಲ್ಲಿ. ಆದರೆ ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಈ ಜಿಗಿತವಲ್ಲ. 2011ರಲ್ಲಿ ಆತನ ಮೇಲೆ ನಡೆದ ಪರೀಕ್ಷೆಯೊಂದರಲ್ಲಿ, ಬದಿಯಿಂದ ಚೆಂಡು ಒದ್ದು ಕಳಿಸುತ್ತಿದ್ದಂತೆ ದೀಪ ಆರಿಸಿಬಿಟ್ಟರು. ಕಗ್ಗತ್ತಲಲ್ಲಿಯೂ ಆತ ಚೆಂಡನ್ನು ಗೋಲಿನೊಳಗೆ ಸೇರಿಸಿದ. ಒದೆಯುವವನ ಮೈಯ ಚಲನೆಯಿಂದಲೇ ಚೆಂಡು ಎಲ್ಲಿ, ಯಾವಾಗ ಬಂದು ಬೀಳುವುದೆಂದು ಅವನ ಮಿದುಳು ಲೆಕ್ಕ ಹಾಕಿಬಿಟ್ಟಿತ್ತು. ಹೀಗೆ ನೋಡಿದರೆ ಮೆಸ್ಸಿ ಎದುರಾಳಿಯ ಊಹೆಯನ್ನು ಕೆಡಿಸುವುದರಲ್ಲಿ ನಿಪುಣ, ರೊನಾಲ್ಡೊ ತನ್ನ ಊಹೆಯನ್ನು ಸರಿಮಾಡಿಕೊಳ್ಳುವುದರಲ್ಲಿ ನಿಪುಣ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕುವ ವಾದ ಮುಗಿಯದಿರುವುದು ಸಹಜವೇ.

ಇನ್ನು ನೋಡುವವರ ವಿಷಯ. 2005ರಲ್ಲಿ ಲಂಡನ್ನಿನಲ್ಲಿ ನಡೆದ ಅಧ್ಯಯನವೊಂದರಲ್ಲಿ ಬ್ಯಾಲೆ ನರ್ತಕರಿಗೂ ಕಪೊಯೆರಾ ಎಂಬ ಬ್ರೆಜಿಲಿನ ಸಮರಕಲೆಯ ಪಟುಗಳಿಗೂ ಎರಡೂ ಬಗೆಯ ಚಲನೆಗಳ ದೃಶ್ಯಗಳನ್ನು ತೋರಿಸಲಾಯಿತು. ತಾವು ಸ್ವತಃ ಕಲಿತಿದ್ದ ಚಲನೆಯನ್ನು ನೋಡುವಾಗ ಅವರ ಮಿದುಳಿನ ಚಲನಾ ಸಂಬಂಧಿ ಭಾಗಗಳು ಹೆಚ್ಚು ಚುರುಕಾದವು. ಅಂದರೆ ಬಲ್ಲವನು ಕಣ್ಣಿನಿಂದಷ್ಟೇ ನೋಡುವುದಿಲ್ಲ, ಮೈಯಿಂದಲೂ ನೋಡುತ್ತಾನೆ. ಬೇಸಿಗೆಯ ಬಿಸಿಲಿಗೆ ಬಿರಿದ ಎರೆಮಣ್ಣಿನ ಬಯಲಲ್ಲಿ, ಎತ್ತ ಪುಟಿಯುವುದೆಂದು ಗೊತ್ತಾಗದ ಚೆಂಡಿನ ಹಿಂದೆ ಓಡಿದ ಯಾದಗಿರಿಯ ಹುಡುಗ ಮೆಸ್ಸಿಯ ಪಾದದಡಿ ಅದು ತೆಪ್ಪಗೆ ನಿಲ್ಲುವುದನ್ನು ಕಂಡು ‘ಕಾಲಾಗ ಜಾದೂ ಅದ ನೋಡ್ರಿ’ ಎಂದು ಉದ್ಗರಿಸಿದರೆ, ಅದು ಅನುಭವಸ್ಥನ ಮಾತು.

ಆ ಉದ್ಗಾರದ ಇನ್ನೊಂದು ಮೂಲ ಡೋಪಮಿನ್ ಎಂಬ ರಾಸಾಯನಿಕದಲ್ಲಿದೆ. ನರವಿಜ್ಞಾನಿ ವುಲ್ಫ್ರಮ್ ಶುಲ್ಟ್ಸ್ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ನಿರೀಕ್ಷೆಯೇ ಇಲ್ಲದೆ ಹಣ್ಣಿನ ರಸದ ಹನಿ ಸಿಕ್ಕಾಗ ಡೋಪಮಿನ್ ನರಕೋಶಗಳು ಜೋರಾಗಿ ಮಿಡಿದವು. ಸಿಗುವುದು ಖಚಿತವೆಂದು ಕಲಿತ ಮೇಲೆ ಅದೇ ರಸಕ್ಕೆ ಅವು ಮಿಡಿಯಲಿಲ್ಲ. ಡ್ರಿಬ್ಲಿಂಗ್‌ನಲ್ಲಿ ಮೋಸ ಹೋಗುವವನು ಡಿಫೆಂಡರ್ ಒಬ್ಬನೇ ಅಲ್ಲ, ನಾವೂ ಹೌದು. ಅವನಿಗೆ ಆ ಮೋಸ ಸೋಲಾದರೆ ನಮಗೆ ಉಡುಗೊರೆ.

ಅಭಿಮಾನ ಇಷ್ಟರಿಂದಲೇ ಆದದ್ದಲ್ಲ, ಗುಂಪಿನ ಸೆಳೆತವೂ ಅದರಲ್ಲಿ ಬೆರೆತಿರುತ್ತದೆ. 1994ರ ವಿಶ್ವಕಪ್ ಫೈನಲ್‌ನಲ್ಲಿ ಬ್ರೆಜಿಲ್ ಇಟಲಿಯನ್ನು ಮಣಿಸಿದಾಗ, ಟಿವಿಯಲ್ಲಿ ನೋಡುತ್ತಿದ್ದ ಬ್ರೆಜಿಲ್ ಅಭಿಮಾನಿಗಳ ಜೊಲ್ಲಿನಲ್ಲಿ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಏರಿದ್ದನ್ನೂ ಇಟಲಿಯವರಲ್ಲಿ ಇಳಿದದ್ದನ್ನೂ ಸಂಶೋಧಕರು ಅಳೆದಿದ್ದರು. ಮೈದಾನಕ್ಕೆ ಕಾಲಿಡದವರ ಮೈಯೂ ಗೆದ್ದಿತ್ತು, ಸೋತಿತ್ತು.

ಒಂದು ಕಾಲಕ್ಕೆ ಈ ಸೀಮೆಯೂ ಫುಟ್‌ಬಾಲಿನ ದೊಡ್ಡ ನಾಡೊಂದರ ಭಾಗವಾಗಿತ್ತು. ಕಲಬುರಗಿ, ಬೀದರ್‌ಗಳು ಸೇರಿದ್ದ ಹೈದರಾಬಾದ್ ರಾಜ್ಯ 1956ರ ನವೆಂಬರ್ 1ರಂದು ಹಂಚಿಹೋಯಿತು. ಮರುತಿಂಗಳೇ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ತರಬೇತಿಯಲ್ಲಿ ಭಾರತ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುವ ಪಾಸಿಂಗ್ ಆಟ ರೂಢಿಯಾಗಲೆಂದು ಡ್ರಿಬ್ಲಿಂಗ್ ಇಲ್ಲದ ಟೂರ್ನಿಗಳನ್ನೇ ನಡೆಸಿದ ಗುರು ರಹೀಮ್. ಅಭಿಮಾನಿಗೆ ಉಡುಗೊರೆಯಾದದ್ದು ತರಬೇತುದಾರನಿಗೆ ಅಪಾಯ: ಹತ್ತು ಸಲ ಎದುರಾಳಿಯನ್ನು ದಾಟಲು ಹೋದವನು ಕೆಲವು ಸಲವಾದರೂ ಚೆಂಡು ಕಳೆದುಕೊಳ್ಳುತ್ತಾನೆ. ಅವರ ತಂಡ 1962ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಚಿನ್ನ ಗೆದ್ದಿತು. ಆ ತಂಡದಲ್ಲಿದ್ದ ಸಿಕಂದರಾಬಾದಿನ ತುಳಸಿದಾಸ್ ಬಲರಾಮ್ ಅವರ ಹೆಸರು ಇಂದಿನ ಹೋಲಿಕೆಗಳಲ್ಲಿ ಬರುವುದಿಲ್ಲ. ಅವರ ಆಟದ ಚಿತ್ರತುಣುಕುಗಳು ತೀರ ವಿರಳ, ಉಳಿದಿರುವುದು ಹೆಚ್ಚಾಗಿ ಅಂಕಿಅಂಶ, ಫೋಟೋ ಮತ್ತು ಬರಹಗಳು. ಅವುಗಳಿಂದ ಗೌರವ ಮೂಡಬಹುದು, ಕಣ್ಣೆದುರು ಊಹೆ ತಪ್ಪಿದಾಗ ಹುಟ್ಟುವ ಆ ಹುಚ್ಚು ಹುಟ್ಟುವುದಿಲ್ಲ.